ಉಳಿದ ಸಮಯ ಯಾರ ಪಾಲಿಗೆ?

ಪ್ರೀತಿಯ ಪುಟ್ಟಿ,

ನಿನ್ನ ಪತ್ರದ ಒಂದು ಮಾತು ಮನಸ್ಸಿನಿಂದ ಹೋಗುತ್ತಿಲ್ಲ. 'ಡ್ರೆಸಿಂಗ್ ಸಾಮಾನನ್ನು ಹಾಸಿಗೆಗಳ ಹತ್ತಿರ ಇಟ್ಟರೆ ನಮ್ಮ ಓಡಾಟ ಎಷ್ಟೋ ತಪ್ಪುತ್ತೆ ದೊಡ್ಡಪ್ಪ. ಆದರೆ ಮೀಟಿಂಗಿನಲ್ಲಿ ಹೇಳೋಕೆ ಭಯ. ಸಮಯ ಉಳಿಯಿತಲ್ಲ ಅಂತ ಶಿಫ್ಟಿನಲ್ಲಿ ಒಬ್ಬ ನರ್ಸನ್ನೇ ಕಮ್ಮಿ ಮಾಡಿಬಿಟ್ಟರೆ?' ಅಂತ ಬರೆದಿದ್ದೀಯ. ಮಿಕ್ಕ ವಿಷಯಕ್ಕೆ ಆಮೇಲೆ ಉತ್ತರ ಬರೆಯುತ್ತೇನೆ. ಮೊದಲು ಇದು.

ಈ ಭಯ ಸುಮ್ನೆ ಹುಟ್ಟಿದ್ದಲ್ಲ. ನಿಮಗೆ ಈಗ ಲೀನ್ ಅಂತ ಕಲಿಸುತ್ತಿರುವುದು, ಅಂದರೆ ವ್ಯರ್ಥ ಓಡಾಟ, ವ್ಯರ್ಥ ಕೆಲಸ ತಪ್ಪಿಸುವುದು, ಜಪಾನಿನ ಕಾರು ಕಂಪನಿ ಟೊಯೋಟಾದಲ್ಲಿ ಬೆಳೆದ ಪದ್ಧತಿ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಲ್ಲೂ ಹಣದ ಮುಗ್ಗಟ್ಟು ಬಂತು, ಜನರನ್ನು ತೆಗೆಯುವ ಮಾತು ಬಂತು, ಮುಷ್ಕರವಾಯಿತು. ಕೊನೆಗೆ 1950ರಲ್ಲಿ ಕಂಪನಿ ಕಟ್ಟಿದ ಕೀಚಿರೊ ಟೊಯೋಡಾ ಅವರೇ ಅಧ್ಯಕ್ಷ ಸ್ಥಾನ ಬಿಟ್ಟರು. ಆಮೇಲೆ ಆ ಕಂಪನಿ ಕೆಲಸದ ಭದ್ರತೆಗೆ ತುಂಬಾ ಬೆಲೆ ಕೊಟ್ಟಿತು. ಅಲ್ಲಿ ಏನಾದರೂ ತಪ್ಪು ಕಂಡರೆ ಕೆಲಸಗಾರನೇ ಹಗ್ಗ ಎಳೆದು ಮೇಲಿನವರನ್ನು ಕರೆಯಬಹುದು, ಬೇಕಾದರೆ ಕಾರು ಜೋಡಿಸುವ ಲೈನನ್ನೇ ನಿಲ್ಲಿಸಬಹುದು. ನಾಳೆ ಕೆಲಸ ಇರುತ್ತೋ ಇಲ್ಲವೋ ಅನ್ನುವವನು ಆ ಹಗ್ಗ ಮುಟ್ಟುತ್ತಾನಾ, ಹೇಳು?

ನಾನಿದ್ದ ಕಾರ್ಖಾನೆಗೂ ಈ ಪದ್ಧತಿ ಬಂತು. ಬಂದವರು ನೆಲಕ್ಕೆಲ್ಲ ಹಳದಿ ಗೆರೆ ಎಳೆಸಿದರು, ಪ್ರತಿ ಸ್ಪ್ಯಾನರಿಗೂ ಒಂದು ಜಾಗ ಮಾಡಿಸಿದರು. ನನಗೆ ಅದು ನಿಜವಾಗಿಯೂ ಹಿಡಿಸಿತ್ತು. ನಮ್ಮ ಸಾಲಿನಲ್ಲಿ ಒಬ್ಬ ಹಿರಿಯ ಫಿಟ್ಟರ್ ಇದ್ದರು. ಮೆಷಿನ್‌ಗಳನ್ನು ಹೀಗೆ ತಿರುಗಿಸಿ ಇಟ್ಟರೆ ಇಬ್ಬರ ಕೆಲಸ ಒಬ್ಬರಿಂದ ಆಗುತ್ತದೆ ಅಂತ ತೋರಿಸಿಕೊಟ್ಟರು. ಎಲ್ಲರೂ ಚಪ್ಪಾಳೆ ತಟ್ಟಿದೆವು. ಕೆಲವೇ ತಿಂಗಳಲ್ಲಿ ಅವರನ್ನೇ ಮನೆಗೆ ಕಳಿಸಿದರು. ಆಮೇಲೂ ಮೀಟಿಂಗ್ ನಡೆಯುತ್ತಿತ್ತು, ಸಲಹೆಯ ಬೋರ್ಡ್ ಇತ್ತು, ಚೀಟಿ ಇತ್ತು. ಒಬ್ಬರೂ ಬಾಯಿ ಬಿಡಲಿಲ್ಲ. ಅವರಿಗೆ ಒಂದು ಸಮಾಧಾನದ ಮಾತು ಹೇಳುವ ಅವಕಾಶ ನನಗೆ ಸಿಗಲೇ ಇಲ್ಲ. ಅದು ಇವತ್ತಿಗೂ ಕೊರೆಯುತ್ತದೆ. ನಿನ್ನ ಪತ್ರ ಓದಿದಾಗ ಕಣ್ಣ ಮುಂದೆ ಬಂದದ್ದು ಅವರ ಮುಖ.

ಹಾಗಂತ ಎಲ್ಲ ಕಡೆ ಹೀಗೇ ಅಂತ ಹೇಳಲಾರೆ. ಅಮೆರಿಕದ ಸಿಯಾಟಲ್‌ನಲ್ಲಿ ವರ್ಜೀನಿಯಾ ಮೇಸನ್ ಅನ್ನೋ ಆಸ್ಪತ್ರೆಯಿದೆ. ಅದರ ಹಿರಿಯರು 2002ರಲ್ಲಿ ಜಪಾನಿಗೆ ಹೋಗಿ ನೋಡಿ ಬಂದು, ಈ ಪದ್ಧತಿ ಶುರು ಮಾಡಿದರು. ಸುಧಾರಣೆಯ ಹೆಸರಲ್ಲಿ ಯಾರನ್ನೂ ಕೆಲಸದಿಂದ ತೆಗೆಯುವುದಿಲ್ಲ ಅಂತ ಮಾತು ಕೊಟ್ಟರು. ರೋಗಿಗೆ ಅಪಾಯ ಕಂಡರೆ ಯಾವ ಸಿಬ್ಬಂದಿಯಾದರೂ ಎಚ್ಚರಿಕೆ ಕೊಟ್ಟು ಕೆಲಸ ನಿಲ್ಲಿಸಬಹುದು ಅಂತಲೂ ಮಾಡಿದರು. ನೀನಿರುವ ಇಂಗ್ಲೆಂಡಿನಲ್ಲೇ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ 'ಪ್ರೊಡಕ್ಟಿವ್ ವಾರ್ಡ್' ಅಂತ ಒಂದು ಕಾರ್ಯಕ್ರಮ ತಂದಿತ್ತು. ಓಡಾಟ, ಹುಡುಕಾಟದಲ್ಲಿ ಹೋಗುವ ಸಮಯವನ್ನು ಉಳಿಸಿ ರೋಗಿಯ ಹಾಸಿಗೆಯ ಪಕ್ಕಕ್ಕೆ ಕೊಡುವುದೇ ಅದರ ಉದ್ದೇಶ. ಅಂದರೆ ಉಳಿದ ಸಮಯ ಯಾರ ಪಾಲಿಗೆ ಅನ್ನೋದನ್ನು ಅವರು ಮೊದಲೇ ಹೇಳಿದ್ದರು. ನಿಮ್ಮಲ್ಲಿ ಹೇಳಿದ್ದಾರಾ?

ಕೇಳಿ ನೋಡು ಅನ್ನಬೇಕು ಅನ್ನಿಸುತ್ತೆ. ಆದರೆ ಹೊರದೇಶದಲ್ಲಿ, ವೀಸಾ ಕೆಲಸಕ್ಕೇ ಕಟ್ಟಿಕೊಂಡಿರುವಾಗ ಕೇಳುವುದು ಎಷ್ಟು ಕಷ್ಟ ಅಂತ ಇಲ್ಲಿ ಕೂತ ನನಗೇನು ಗೊತ್ತು. ಒಬ್ಬಳೇ ಕೇಳಬೇಡ. ಜೊತೆಯವರೊಂದಿಗೆ ಮಾತಾಡು, ಯೂನಿಯನ್ ಪ್ರತಿನಿಧಿಗೆ ಒಂದು ಮಾತು ಮುಟ್ಟಿಸು.

ಸಲಹೆ ಬರೆಯುವಾಗ ಓಡಾಟ ತಪ್ಪುತ್ತದೆ ಅಂತಷ್ಟೇ ಬರೆಯಬೇಡ. ಆ ಸಮಯದಲ್ಲಿ ಏನು ಮಾಡುತ್ತೀರಿ ಅಂತಲೂ ಅದೇ ಚೀಟಿಯಲ್ಲಿ ಬರೆ. ಕರೆಗಂಟೆ ಒತ್ತಿದವರ ಬಳಿ ಬೇಗ ಹೋಗುವುದು, ಎದ್ದು ನಡೆಯಲಾಗದವರನ್ನು ಹೊತ್ತಿಗೆ ಸರಿಯಾಗಿ ಮಗ್ಗುಲು ಬದಲಿಸುವುದು, ಇಂಥದ್ದು. ಇದರಿಂದ ಎಷ್ಟು ಕಾವಲು ಸಿಗುತ್ತೋ ಗೊತ್ತಿಲ್ಲ. ಬರೆದದ್ದರ ಒಂದು ಪ್ರತಿ ಮಾತ್ರ ನಿನ್ನ ಹತ್ತಿರ ಇರಲಿ.

ಹೇಳದೇ ಇದ್ದರೂ ತಪ್ಪಿಲ್ಲ ಪುಟ್ಟಿ. ಆದರೆ ಆ ಸಾಮಾನಿಗಾಗಿ ನೀನು ಓಡುವಷ್ಟು ಹೊತ್ತೂ ಅಲ್ಲಿ ಯಾರೋ ನೋವಿನಲ್ಲಿ ಕಾಯುತ್ತಿರುತ್ತಾರೆ ಅಂತ ನೀನೇ ಬರೆದಿದ್ದೀಯ. ಅದೂ ನನ್ನನ್ನು ಬಿಡುತ್ತಿಲ್ಲ. ಮೀಟಿಂಗ್ ಮುಗಿದ ಮೇಲೆ, ಹೇಳಿದರೂ ಸರಿ ಬಿಟ್ಟರೂ ಸರಿ, ಎರಡು ಸಾಲು ಬರೆ.

ಆಶೀರ್ವಾದಗಳೊಂದಿಗೆ,
ನಿನ್ನ ದೊಡ್ಡಪ್ಪ