ಒಂದು ಹಂಚಿನ ಕಾರ್ಖಾನೆಯ ಚಿಮಣಿಯಾದರೂ ಉಳಿಯಲಿ

ಮಾನ್ಯರೇ,

ಮಂಗಳೂರಿನ ಬೆಳವಣಿಗೆ ಅಂದರೆ ಈಗ ಎಲ್ಲರೂ ಮಾಲ್, ಫ್ಲೈಓವರ್, ಮೆಡಿಕಲ್ ಕಾಲೇಜುಗಳ ಹೆಸರು ಹೇಳುತ್ತಾರೆ. ಬೋಳಾರದವನಾದ ನನಗೆ ಮೊದಲು ನೆನಪಾಗುವುದು ಆವೆಮಣ್ಣು. 1865ರಲ್ಲಿ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್‌ನವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದರು. ಆಮೇಲೆ ಊರಿನವರೇ ಒಂದರ ಹಿಂದೆ ಒಂದು ಹಾಕಿದರು. ಹೊಳೆಬದಿಯ ಮಣ್ಣು ದೋಣಿಯಲ್ಲಿ ಬರುತ್ತಿತ್ತು, ಸುಟ್ಟ ಹಂಚು ಬಂದರದಿಂದ ಹಡಗು ಹತ್ತುತ್ತಿತ್ತು. ನನ್ನ ತಂದೆ ಅಂಥ ಒಂದು ಕಾರ್ಖಾನೆಯಲ್ಲಿ ಹಂಚು ಸುಡುವ ಗೂಡಿಗೆ ಕಟ್ಟಿಗೆ ಹಾಕುತ್ತಿದ್ದರು. ಅಮ್ಮ ಹಸಿ ಹಂಚು ಹೊತ್ತು ಒಣಗಲು ಜೋಡಿಸುತ್ತಿದ್ದರು. ನಾವು ಮಕ್ಕಳು ಓದಿದ್ದು ಆ ಕೂಲಿಯಲ್ಲೇ.

1907ರಲ್ಲಿ ರೈಲು ಬಂತು. ಹೊಳೆ ಕಡಲು ಸೇರುವ ಅಳಿವೆಯ ಮರಳಿನಿಂದಾಗಿ ಹಳೆ ಬಂದರಕ್ಕೆ ದೊಡ್ಡ ಹಡಗು ಬರಲಾಗದೆ, ಸಾಮಾನೆಲ್ಲ ಮಂಜಿ ಎಂಬ ಹಾಯಿದೋಣಿಗಳಲ್ಲೇ ಸಾಗುತ್ತಿತ್ತು. 1970ರ ದಶಕದಲ್ಲಿ ಪಣಂಬೂರಿನ ಬಂದರು ಶುರುವಾಯಿತು. ಗೊಬ್ಬರ, ತೈಲದ ಕಾರ್ಖಾನೆಗಳು ಬಂದವು, ಊರು ಉತ್ತರಕ್ಕೆ ಜಾರಿತು. ಅದು ಬೇಕಿತ್ತು ಬಿಡಿ. ಆದರೆ ತಾರಸಿ ಮನೆಗಳು ಜಾಸ್ತಿಯಾದಂತೆ ಹಂಚಿನ ಗೂಡುಗಳು ಆರಿದವು. ಆ ಜಾಗಗಳಲ್ಲಿ ಈಗ ಫ್ಲಾಟುಗಳು ಏಳುತ್ತಿವೆ.

ಮಾರುವವರನ್ನು ಸುಮ್ನೆ ಬೈದರೆ ಆಗದು, ಜಾಗ ಅವರದ್ದೇ ಅಲ್ವಾ? ನನ್ನ ಕೋರಿಕೆ ಮಹಾನಗರಪಾಲಿಕೆಗೆ. ಗಟ್ಟಿಯಾಗಿರುವ ಒಂದು ಚಿಮಣಿ, ಒಂದು ಗೂಡು, ಹಂಚು ಒತ್ತುವ ಒಂದು ಯಂತ್ರವನ್ನು ಮಾಲೀಕರೊಂದಿಗೆ ಮಾತಾಡಿ ಉಳಿಸಿಕೊಳ್ಳಲಿ. ಪಕ್ಕದಲ್ಲಿ ಕನ್ನಡ, ತುಳು, ಕೊಂಕಣಿ, ಬ್ಯಾರಿಯಲ್ಲಿ ಫಲಕ ಹಾಕಲಿ. ಅದರಲ್ಲಿ ಮಾಲೀಕರ ಹೆಸರಿನ ಜೊತೆ, ಮಣ್ಣು ಹೊತ್ತ ಹೆಂಗಸರ ಕೆಲಸದ ಬಗ್ಗೆಯೂ ನಾಲ್ಕು ಸಾಲು ಇರಲಿ.

– ನಿವೃತ್ತ ಗುಮಾಸ್ತ, ಬೋಳಾರ, ಮಂಗಳೂರು