ಭಾನುವಾರ ಹೊನ್ನೆ ಬಿತ್ತನೆ: ಕಾಯಿ ಶುಕ್ರವಾರವೇ ನೆನೆಯಲಿ

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಗ್ಗೆ 7.30ಕ್ಕೆ ನಮ್ಮ ನರ್ಸರಿಯಲ್ಲಿ ಹೊನ್ನೆ ಮರದ ಬಿತ್ತನೆ. ಕಾಯಿ ಮನೆಗೆ ಒಯ್ದವರು ಶುಕ್ರವಾರ ಬೆಳಗ್ಗೆಯೇ ತಣ್ಣೀರಲ್ಲಿ ನೆನೆಹಾಕಿ, 48 ಗಂಟೆ ಬೇಕು. ನೀರು ದಿನಕ್ಕೊಮ್ಮೆ ಬದಲಿಸಿ. ನೆನೆಹಾಕುವ ಮೊದಲು ಕಾಯಿಯ ಸುತ್ತಲಿನ ರೆಕ್ಕೆಯನ್ನು ಕತ್ತರಿಯಿಂದ ಕತ್ತರಿಸಿ. ನಡುವಿನ ಉಬ್ಬು ಮುಟ್ಟಬೇಡಿ, ಬೀಜ ಇರೋದೇ ಅಲ್ಲಿ. ಕಾಯಿ ಒಡೆಯುವ ಸಾಹಸವಂತೂ ಬೇಡವೇ ಬೇಡ, ಸಿಪ್ಪೆ ಗಟ್ಟಿ, ಬೀಜ ನಜ್ಜಾಗುತ್ತದೆ.

ಪೊಳ್ಳು ಕಾಯಿ ಇರುತ್ತವೆ, ಹಾಗಾಗಿ ಸಸಿ ಬೆಳೆಸುವ ಪ್ರತಿ ಚೀಲಕ್ಕೆ 2 ಹಾಕೋಣ. ಕೆಂಪು ಮಣ್ಣು, ಮರಳು, ಗೊಬ್ಬರ ನರ್ಸರಿಯಲ್ಲಿದೆ.

ಇನ್ನೂ ಕಾಯಿ ತರುವವರು ಸ್ವಂತ ಜಮೀನಿನ ಮರದ್ದೇ ತನ್ನಿ. ಬಂಡೀಪುರ, ನಾಗರಹೊಳೆ ಕಾಡಿನದ್ದು ಬೇಡ. ನೀರು ಕುಡಿಯುವ ಲೋಟ ಮಾಡಲೆಂದು ಹೊನ್ನೆ ಮರದ ತುಂಡು ಕೇಳುತ್ತಿರುವವರೇ, ಮೊದಲು ಗಿಡ ಮಾಡೋಣ!

ಎಷ್ಟು ಕಾಯಿ ನೆನೆಹಾಕುತ್ತೀರಿ, ಯಾರು ಬರುತ್ತೀರಿ ಎಂದು ಗುರುವಾರ ರಾತ್ರಿಯೊಳಗೆ ಇಲ್ಲೇ ತಿಳಿಸಿ.