ನೆರೆನೀರಿಗೆ ಸಿಕ್ಕ ಸಾಮಾನೆಲ್ಲ ಗುಜರಿಗೆ ಹೋಗಬೇಕಿಲ್ಲ

ಮಾನ್ಯ ಸಂಪಾದಕರೇ,

ಮಳೆಗಾಲದಲ್ಲಿ ಮಧುವಾಹಿನಿ, ಚಂದ್ರಗಿರಿ ಹೊಳೆಗಳು ಉಕ್ಕಿ ತಗ್ಗಿನ ಮನೆಗಳಿಗೆ ನೀರು ನುಗ್ಗಿದಾಗ, ಕೆಸರು ಮೆತ್ತಿದ ಕಾಲುದೀಪ, ಗಿಂಡಿ, ಗಾಜಿನ ಸಾಮಾನುಗಳನ್ನು ತಿಕ್ಕಿ ತಿಕ್ಕಿ ಸೋತು ಕಡೆಗೆ ಗುಜರಿಗೆ ಹಾಕುವವರು ನಮ್ಮ ಕಾಸರಗೋಡಿನಲ್ಲಿ ಕಡಿಮೆಯಿಲ್ಲ. ಇವುಗಳಲ್ಲಿ ಹಲವನ್ನು ಅಲ್ಟ್ರಾಸಾನಿಕ್ ತೊಟ್ಟಿಯಲ್ಲಿ, ಅಂದರೆ ಕಿವಿಗೆ ಕೇಳದಷ್ಟು ವೇಗದ ಕಂಪನದಿಂದ ಕೊಳೆ ಬಿಡಿಸುವ ನೀರಿನ ತೊಟ್ಟಿಯಲ್ಲಿ, ತೊಳೆದು ಉಳಿಸಿಕೊಳ್ಳಬಹುದು. ಚಿನ್ನದಂಗಡಿ, ಕನ್ನಡಕದಂಗಡಿಗಳಲ್ಲಿ ಇದರ ಚಿಕ್ಕ ಯಂತ್ರವನ್ನು ಅನೇಕರು ಕಂಡಿರುತ್ತಾರೆ.

ಸ್ಟೀಲ್ ತೊಟ್ಟಿಯ ತಳಕ್ಕೆ ಅಂಟಿಸಿದ ಬಿಲ್ಲೆಗಳು ವಿದ್ಯುತ್ತಿನಿಂದ ಸೆಕೆಂಡಿಗೆ ಸಾಮಾನ್ಯವಾಗಿ 40,000 ಬಾರಿ ಕಂಪಿಸುತ್ತವೆ; ನಮ್ಮ ಕಿವಿಗೆ ಕೇಳುವುದು ಹೆಚ್ಚೆಂದರೆ 20,000ದವರೆಗೆ. ಈ ಕಂಪನದಿಂದ ನೀರಿನೊಳಗಿನ ಒತ್ತಡ ಇಳಿದ ಗಳಿಗೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗುಳ್ಳೆಗಳು ಹುಟ್ಟಿ, ಏರಿದ ಗಳಿಗೆಯಲ್ಲಿ ಕುಸಿದು ಒಡೆಯುತ್ತವೆ. ವಸ್ತುವಿನ ಮೈಗೆ ತಾಗಿಕೊಂಡು ಒಡೆಯುವ ಗುಳ್ಳೆಯಿಂದ ಸೂಜಿಮೊನೆಯಂತೆ ಚಿಮ್ಮುವ ನೀರೇ ಕೊಳೆಯನ್ನು ಎಬ್ಬಿಸುವುದು. ಆದುದರಿಂದಲೇ ಯಾವ ಬ್ರಶ್ಶೂ ಹೋಗದ ಗಿಂಡಿಯ ಮೂತಿಯೊಳಗಿನಿಂದ, ತೂಗುದೀಪದ ಸರಪಳಿಯ ಕೊಂಡಿಗಳ ಸಂದಿನಿಂದ ಕೆಸರು ಕಪ್ಪು ಹೊಗೆಯ ಹಾಗೆ ಹೊರಬರುವುದನ್ನು ಕಣ್ಣಾರೆ ನೋಡಬಹುದು. ನೀರು 50ರಿಂದ 60 ಡಿಗ್ರಿ ಸೆಲ್ಸಿಯಸ್ ಬಿಸಿಯಿದ್ದು ಸೌಮ್ಯವಾದ ಸಾಬೂನು ದ್ರಾವಣ ಬೆರೆತಿದ್ದರೆ ಎಣ್ಣೆಜಿಡ್ಡು, ಮಸಿ ಬೇಗ ಬಿಡುತ್ತವೆ. ವಸ್ತುವನ್ನು ತಳಕ್ಕೆ ತಾಗದಂತೆ ಜಾಲರಿಯಲ್ಲಿಯೇ ಇಡಬೇಕು.

ಹಾಗೆಂದು ಇದು ಸರ್ವರೋಗಕ್ಕೂ ಮದ್ದಲ್ಲ. ಹಿತ್ತಾಳೆಯ ಹಳೆಯ ಕಿಲುಬು ಬರೀ ಕಂಪನಕ್ಕೆ ಹೋಗದು, ತಕ್ಕ ದ್ರಾವಣ ಬೇಕು; ಬಿರುಕು ಬಿಟ್ಟ ಪಿಂಗಾಣಿ ಇನ್ನಷ್ಟು ಸೀಳೀತು. ಮುತ್ತು, ಹವಳ, ಪಚ್ಚೆಗಳನ್ನು ಮುಳುಗಿಸಲೇಬಾರದು. ಮರದ ಮೇಲೆ ಬೇಗಡೆ, ಕನ್ನಡಿಚೂರು ಅಂಟಿಸಿದ ಯಕ್ಷಗಾನದ ಕಿರೀಟ, ಭುಜಕೀರ್ತಿಗಳನ್ನು ಮತ್ತು ತಾಳೆಗರಿಯ ಕಟ್ಟುಗಳನ್ನು ಇದರ ಹತ್ತಿರಕ್ಕೂ ತರಬಾರದು. ಪೆಟ್ರೋಲ್, ತಿನ್ನರ್ ಸುರಿದರೆ ಜಿಡ್ಡು ಬೇಗ ಹೋದೀತೆಂಬ ಜಾಣತನವಂತೂ ಬೆಂಕಿಗೆ ಆಹ್ವಾನ.

ದೊಡ್ಡ ತೊಟ್ಟಿಯನ್ನು ಒಂದೊಂದು ಮನೆಯವರು ಕೊಳ್ಳುವುದು ದಂಡ. ಪಂಚಾಯತುಗಳು ಕುಟುಂಬಶ್ರೀ ಎಂಬ ಮಹಿಳಾ ಸ್ವಸಹಾಯ ಘಟಕಗಳ ಮೂಲಕ ಇಂಥದ್ದೊಂದನ್ನು ಇಟ್ಟು, ಅಲ್ಪ ಶುಲ್ಕಕ್ಕೆ ತೊಳೆದುಕೊಡುವ ವ್ಯವಸ್ಥೆ ಮಾಡಿದರೆ ನೆರೆಪೀಡಿತರಿಗೆ ಉಪಕಾರವಾದೀತು, ಕೆಲವು ಹೆಂಗಸರಿಗೆ ಕೆಲಸವೂ ಸಿಕ್ಕೀತು. ಏನನ್ನು ಹಾಕಬಾರದೆಂಬ ಪಟ್ಟಿಯನ್ನು ಕನ್ನಡದಲ್ಲಿಯೂ ಮಲಯಾಳದಲ್ಲಿಯೂ ಬರೆದು ತೂಗುಹಾಕಬೇಕು. ಬಳಸಿದ ನೀರಿನಲ್ಲಿ ಜಿಡ್ಡು, ಲೋಹದ ಕಣಗಳೆಲ್ಲ ಇರುವುದರಿಂದ ಅದನ್ನು ತೋಡಿಗೆ ಬಿಡದೆ ವಿಲೇವಾರಿ ಮಾಡುವ ಹೊಣೆಯನ್ನೂ ಪಂಚಾಯತೇ ಹೊರಬೇಕೆಂದು ವಿನಂತಿ.

ಇತಿ,
ಓರ್ವ ಓದುಗ, ಕುಂಬಳೆ